ಗೂಟ ಇದ್ದ ಜಾಗದ ಮಣ್ಣು

ಘೋಡಗೇರಿ
18 ನವೆಂಬರ್ 2023

ಮಗಳು ಆಮ್ರಪಾಲಿಗೆ ದೊಡ್ಡವ್ವನ ಜೈಭೀಮ.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೂರು ವರ್ಷದ ಮೇಲೆ ನಿನ್ನ ಅಕ್ಷರ ಕಂಡೆ. ಪೋಸ್ಟಿನ ಗಜಾನನ ಲಕೋಟೆಯನ್ನು ಕೈಗೇ ಕೊಡಲೊಲ್ಲ. "ಸಾವಂತ್ರೆವ್ವಾ, ಭೋಪಾಳದಿಂದ ಬಂದೈತಿ. ಮೊದ್ಲ ಚಾ ಕುಡಸು, ಆಮ್ಯಾಲ ಕೊಡ್ತೇನಿ" ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟ. ಚಹಾ ಕುದಿಯುವವರೆಗೆ ನನ್ನ ಜೀವವೂ ಕುದಿಯಿತು.

ಮೂರು ಸಲ ಓದಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ, ಸರಿಯೋ ನೋಡು. ನಿಮ್ಮ ಆಫೀಸಿನ ಕಿಶೋರ ಹೋದ ವರ್ಷ ಬಂದು ಇಪ್ಪತ್ತನಾಲ್ಕು ಗೂಟ ಹೊಡೆದು ಹೋಗಿದ್ದಾನೆ. ಒಂದರಿಂದ ಎಂಟು ನಮ್ಮ ಗುಡ್ಡದ ನೀಲಗಿರಿ ತೋಪಿನಲ್ಲಿ. ಒಂಬತ್ತರಿಂದ ಹದಿನಾರು ಗುಡ್ಡದ ಹಿಂದಿನ ಕುರುಚಲು ಕಂಟಿ, ಹುಲ್ಲು ಬೆಳೆದ ಜಾಗದಲ್ಲಿ. ಉಳಿದ ಎಂಟು ತುಕ್ಕಾನಟ್ಟಿಯ ಶಾಂತಿನಾಥರ ಕಬ್ಬಿನ ಹೊಲದಲ್ಲಿ. ಈಗ ಆ ಹುಡುಗನಿಗೆ ಕಾಮಾಲೆ. ಗೂಟಗಳ ಮಣ್ಣು ತೆಗೆದು ಕಳಿಸುವವರು ಬೇಕು. ಗಿಡಗಳು ಗಾಳಿಯಿಂದ ಹೀರಿದ ಇಂಗಾಲ ಎಲೆ, ಬೇರು ಕೊಳೆತ ಮೇಲೆ ಯಾವ ಮಣ್ಣಿನಲ್ಲಿ ಎಷ್ಟು ಉಳಿದಿದೆ ಎಂದು ನೀನು ನೋಡಬೇಕು. ಹೌದಲ್ಲ?

"ನಿನಗೆ ಆಗುತ್ತದೆಯೇ" ಎಂದು ಕೇಳಿದ್ದೀ. ಆ ನೀಲಗಿರಿಗೆ ಕುಣಿ ತೋಡಿದವರು ಯಾರು? ಅರಣ್ಯದವರ ನರ್ಸರಿಯಲ್ಲಿ ಮೂವತ್ತೊಂದು ವರ್ಷ ದಿನಗೂಲಿ ಮಾಡಿದೆ. ಆ ತೋಪು ನೆಟ್ಟದ್ದು ನಿನ್ನ ಅವ್ವ ತೀರಿಕೊಂಡ ವರ್ಷ. ಗೋಕಾಕ ಫಾಲ್ಸ್‌ನ ಮಿಲ್ಲಿನ ಚಾಳದಿಂದ ನಿನ್ನನ್ನು ಕರೆತಂದಾಗ ನಿನಗೆ ಒಂಬತ್ತು. ಸಸಿಗಳ ಮಡಿಗೆ ಚುಚ್ಚಿದ ತಗಡಿನ ಹಲಗೆಗಳಲ್ಲೇ ಅಲ್ಲವೇ ನಾನು ಅಕ್ಷರ ಕಲಿತದ್ದು. ಬೇವು ಎಂದು ಬರೆಯಲು ಒಂದೇ ದಿನಕ್ಕೆ ಬಂತು. ನಿನ್ನ ಹೆಸರು ಬರೆಯಲು ಒಂದು ತಿಂಗಳು ಹಿಡಿಯಿತು.

ಫೋನು ಹಚ್ಚಬೇಡ. ಎದುರಿಗೆ ಕೂತವರ ತುಟಿ ನೋಡಿ ಮಾತು ತಿಳಿಯುತ್ತೇನೆ, ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ.

ಬಾಜೂ ಮನೆಯ ಸತ್ತೆವ್ವ "ಮಗಳ ಕಾಗದ ಏನ? ಅಳಿಯಾ ಅರಾಮ ಅದಾನಿಲ್ಲ?" ಎಂದು ಕೇಳಿದಳು. ಹೂಂ ಎಂದೆ.

ನಿನ್ನ ದೊಡ್ಡವ್ವ,
ಸಾವಂತ್ರೆವ್ವ

*

ಭೋಪಾಲ
9 ಡಿಸೆಂಬರ್ 2023

ದೊಡ್ಡವ್ವ,

ಒಪ್ಪಿಕೊಂಡದ್ದಕ್ಕೆ ಉಪಕಾರವಾಯಿತು. ಪಾರ್ಸೆಲ್‌ನಲ್ಲಿ ಇಪ್ಪತ್ತನಾಲ್ಕು ಬಟ್ಟೆಚೀಲ ಮತ್ತು ಒಂದು ಉಕ್ಕಿನ ಕೊಳವೆ ಇದೆ. ಮೇಲಿನ ತರಗು ಸರಿಸಿ, ಗೂಟದ ಪಕ್ಕ ಕೊಳವೆಯನ್ನು ಬಡಿದು ಇಳಿಸಿ, ಒಳಗೆ ಬಂದ ಮಣ್ಣನ್ನು ನೆರಳಲ್ಲಿ ಒಣಗಿಸಿ ಅದೇ ನಂಬರಿನ ಚೀಲಕ್ಕೆ ಕಟ್ಟು. ಜನವರಿ ಮುಗಿಯುವುದರೊಳಗೆ ಬಂದರೆ ಸಾಕು.

ಅಳಿಯ ಎಂಬ ಮಾತು ಕಾಗದದಲ್ಲಿ ಬೇಡ. ನಾನು ಮಿರಜದ ಆ ಮನೆ ಬಿಟ್ಟದ್ದು ನಿನಗೆ ಗೊತ್ತು. ಇಲ್ಲಿ ಒಬ್ಬಳೇ ಇರುವುದೂ ಗೊತ್ತು.

ಆಮ್ರಪಾಲಿ

*

ಘೋಡಗೇರಿ
6 ಜನವರಿ 2024

ಮಗಳಿಗೆ ಜೈಭೀಮ.

ಪಾರ್ಸೆಲ್ ಇವತ್ತು ಹೋಯಿತು. ಗಜಾನನ ತೂಕಕ್ಕಿಟ್ಟು, "ಏನ್ ಬೇ ಇದು, ಮಗಳಿಗೆ ಊರನ್ನ ಕಳಸಾಕತ್ತಿಯೇನ?" ಎಂದ.

ಗುಡ್ಡಕ್ಕೆ ಮಾಯಪ್ಪಣ್ಣ ಬಂದಿದ್ದರು. ತೋಪಿನ ವಾಚರ್ ಆಗಿದ್ದರಲ್ಲ, ಅವರೇ. ಈಗ ಮೊಣಕಾಲು ಸರಿಯಾಗಿ ಬಗ್ಗುವುದಿಲ್ಲ. ಕೋಲು ಊರಿಕೊಂಡು ಬಂದು, ಪ್ರತಿ ಗೂಟದ ಹತ್ತಿರ ಕುಳಿತು ಬೀಡಿ ಸೇದಿ, ನನಗೆ ದಾರಿ ತೋರಿಸಿದರು. ನಾನು ನೆಟ್ಟ ಗಿಡಕ್ಕೆ ನನಗೇ ದಾರಿ.

ತುಕ್ಕಾನಟ್ಟಿಗೆ ಬಸ್ಸಿನಲ್ಲಿ ಹೋದೆ. ಶಾಂತಿನಾಥರು ಕಬ್ಬು ಕಡಿದು, ಉಳಿದ ಒಣಗರಿಯ ರವದಿಗೆ ಬೆಂಕಿ ಹಾಕಿದ್ದರು. ಹೊಲವೆಲ್ಲ ಬೂದಿ. ಬದುವಿನ ಮೇಲೆ ನಿಂತು, "ನೋಡ ಸಾವಂತ್ರೆವ್ವ, ಐವತ್ತ ವರ್ಷ ಈ ಮಣ್ಣಾಗ ದುಡದೇನಿ, ನನ್ನ ಒಬ್ಬಾಂವರೆ ಭೋಪಾಳಕ್ಕ ಕರದಾನೇನ? ಮಣ್ಣಿನ ನಸೀಬ ನೋಡ" ಎಂದರು. ಅವರ ಮನೆಯ ಕಮಲವ್ವ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, "ಅಕಿ ಕೂಲಿ ಮಾಡಾಕ ಬಂದಾಳ, ನಿಮ್ಮ ಹರಟಿ ಕೇಳಾಕಲ್ಲ" ಎಂದು ಅವರನ್ನು ಗದರಿದರು.

ಇಪ್ಪತ್ತು ದಿನ ಚೀಲಗಳು ಪಡಸಾಲೆಯ ನೆರಳಲ್ಲಿ ಬಾಯಿ ತೆರೆದು ಸಾಲಾಗಿ ಕುಳಿತಿದ್ದವು. ಮನೆಯಲ್ಲಿ ಮಂದಿ ಇದ್ದ ಹಾಗಿತ್ತು. ಹೋಗುತ್ತಾ ಬರುತ್ತಾ ಒಂದೊಂದರಲ್ಲೂ ಕೈಯಾಡಿಸುತ್ತಿದ್ದೆ. ಇವತ್ತು ಇಪ್ಪತ್ತನಾಲ್ಕನೆಯದರ ಬಾಯಿ ಕಟ್ಟಿದ ಮೇಲೆ ಮನೆ ಒಮ್ಮೆಲೇ ದೊಡ್ಡದಾಯಿತು.

ಒಳ್ಳೆಯ ಮಣ್ಣನ್ನೇ ಕಳಿಸಿದ್ದೇನೆ. ಯಾರ ಮುಂದೆ ಬಿಚ್ಚಿದರೂ ನಿನಗೆ ತಲೆತಗ್ಗಿಸುವಂತೆ ಆಗದು.

ನಿನ್ನ ದೊಡ್ಡವ್ವ,
ಸಾವಂತ್ರೆವ್ವ

*

ಭೋಪಾಲ
21 ಫೆಬ್ರವರಿ 2024

ದೊಡ್ಡವ್ವ,

ನಿನ್ನ ಮಣ್ಣಿನ ಫಲಿತಾಂಶ ಇವತ್ತು ಬಂತು. ಈಗಲೇ ಬರೆಯಲು ಕುಳಿತಿದ್ದೇನೆ, ಊಟಕ್ಕೂ ಹೋಗಿಲ್ಲ.

ಕಬ್ಬಿನ ಹೊಲದಲ್ಲಿ ನೂರಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಂಗಾಲ. ಕಂಟಿಯ ಜಾಗದಲ್ಲಿ ಒಂದೂಕಾಲು. ನಿನ್ನ ನೀಲಗಿರಿ ತೋಪಿನಲ್ಲಿ ಎರಡರ ಹತ್ತಿರ! ನೀಲಗಿರಿಯ ಕೆಳಗೆ ಇಷ್ಟು ಇರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ನಮ್ಮ ಸರ್ ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದರು. ಏಪ್ರಿಲ್ ಕೊನೆಗೆ ಹೈದರಾಬಾದಿನ ಸಭೆಯಲ್ಲಿ ಇದನ್ನು ನಾನೇ ಓದುತ್ತೇನೆ. ಗುಡ್ಡದ ಹಿಂದಿನ ಕಂಟಿ ಕಡಿದು ಅಲ್ಲಿಯೂ ತೋಪು ಮಾಡುವ ಯೋಜನೆ ಇದೆಯಂತೆ. ಅದನ್ನು ನಿರ್ಧರಿಸುವವರೂ ಈ ಅಂಕಿಗಳನ್ನು ಕಳಿಸಿ ಎಂದಿದ್ದಾರೆ.

ಈ ತೋಪು ನೆಟ್ಟವಳು ನನ್ನನ್ನು ಸಾಕಿದವಳು ಎಂದು ಇಲ್ಲಿ ಎಲ್ಲರಿಗೂ ಹೇಳಿದೆ. ಎಷ್ಟೋ ದಿನದ ಮೇಲೆ ನಿನ್ನ ಹೆಸರು ನನ್ನ ಬಾಯಲ್ಲಿ ಬಂತು.

ಏಪ್ರಿಲ್ 14ರ ಜಯಂತಿಗೆ ಊರಿಗೆ ಬರೋಣ ಎಂದಿದ್ದೇನೆ. ಬರಲೇ?

ನಿನ್ನ,
ಆಮ್ರಪಾಲಿ

*

ಘೋಡಗೇರಿ
4 ಮಾರ್ಚ್ 2024

ನನ್ನ ಕೂಸಿಗೆ ಜೈಭೀಮ.

ಬರಲೇ ಎಂದು ಕೇಳುವ ಮಾತೇ ಇದು? ಬಾ. ಗೋಡೆಗೆ ಸುಣ್ಣ ಹಚ್ಚಿಸುತ್ತೇನೆ. ಜಯಂತಿಗೆ ಕೇರಿಯ ಹೆಂಗಸರೆಲ್ಲ ಬಿಳಿ ಸೀರೆ ಉಡುವುದೆಂದು ಠರಾವಾಗಿದೆ. ನಿನಗೂ ಒಂದು ತೆಗೆದಿಡುತ್ತೇನೆ.

ಕಾಗದವನ್ನು ಮಾಯಪ್ಪಣ್ಣನಿಗೆ ಓದಿ ಹೇಳಿದೆ. ಅವರು ಕೋಲಿನ ತುದಿಯಿಂದ ನೆಲ ಕೆದರುತ್ತಾ, "ಎರಡರ ಹತ್ರ ಅಂತೇನ? ಛಲೋ ಆತು ಬಿಡು" ಎಂದು ಎದ್ದು ಹೋದರು. ಬೀಡಿ ಹಚ್ಚುವುದನ್ನೂ ಮರೆತರು.

ನಿನ್ನ ದೊಡ್ಡವ್ವ,
ಸಾವಂತ್ರೆವ್ವ

*

ಘೋಡಗೇರಿ
23 ಮಾರ್ಚ್ 2024

ಆಮ್ರಪಾಲಿಗೆ ಜೈಭೀಮ.

ಈ ಕಾಗದವನ್ನು ಕೂತು ಓದು.

ಮೊನ್ನೆ ಶಾಂತಿನಾಥರ ಹೊಲದಲ್ಲಿ ರೈತರ ಸಭೆ ಇತ್ತು. ಮಣ್ಣು ಪರೀಕ್ಷೆಗೆ ಹೇಗೆ ತೆಗೆಯಬೇಕು ಎಂದು ಕೃಷಿ ಇಲಾಖೆಯ ಶೈಲಾ ಎಂಬ ಹುಡುಗಿ ಹೇಳಿಕೊಡುತ್ತಿದ್ದಳು. ನಿನ್ನ ವಿದ್ಯೆ ನಾನೂ ಸ್ವಲ್ಪ ತಿಳಿದಿರಬೇಕೆಂದು ಹೋಗಿ ಮುಂದೆ ಕುಳಿತೆ. ಅವಳು ಹೇಳಿದಳು: "ಛಲೋ ಜಾಗಾ ಹುಡಕಬ್ಯಾಡ್ರಿ. ಗುರ್ತ ಮಾಡಿದಲ್ಲೇ ಅಗೀರಿ. ಕಲ್ಲ ಬಂದ್ರ ಕಲ್ಲ, ಗರಸ ಬಂದ್ರ ಗರಸ. ಮಣ್ಣಂದ್ರ ವರನ ಕಡ್ಯಾವ್ರಿಗೆ ತೋರಸೂ ಹುಡಿಗಿ ಅಲ್ರಿ, ಪೌಡರ ಹಚ್ಚಿ ಕುಂದರಸಾಕ." ಎಲ್ಲರೂ ನಕ್ಕರು. ನಾನು ನಡುವೆಯೇ ಎದ್ದು ಬಂದೆ.

ನಾನು ಎರಡು ತಪ್ಪು ಮಾಡಿದ್ದೇನೆ. ಒಂದು ತಿಳಿಯದೆ, ಒಂದು ತಿಳಿದು.

ತಿಳಿಯದ್ದು ಇದು. ಇಪ್ಪತ್ತನಾಲ್ಕೂ ಚೀಲದ ಮಣ್ಣನ್ನು ಮೊರದಲ್ಲಿ ಹಾಕಿ ಕೇರಿದೆ, ಕಲ್ಲು ಆರಿಸಿದೆ. ಬೇರೆಯವರ ಮನೆಗೆ ಕೊಡುವ ಜೋಳವನ್ನು ಆರಿಸದೆ ಕೊಟ್ಟರೆ ನಮ್ಮಲ್ಲಿ ಎಂಥ ನಾಚಿಕೆ, ನಿನಗೆ ಗೊತ್ತಲ್ಲ. ಅಷ್ಟು ದೂರದ ಆಫೀಸಿಗೆ ಹೋಗುವ ಮಣ್ಣನ್ನು ಕಲ್ಲು ಸಮೇತ ಕಳಿಸುವುದೇ ಎಂದುಕೊಂಡೆ.

ತಿಳಿದು ಮಾಡಿದ್ದು ಇದು. ತೋಪಿನಲ್ಲಿ ಮೊದಲನೆಯ ಗೂಟದ ಹತ್ತಿರ ತರಗು ಸರಿಸಿದರೆ ಕೆಳಗೆ ಬರೀ ಗರಸು, ಪುಡಿಗಲ್ಲು. ಎರಡನೆಯದೂ ಹಾಗೇ. ಮೂವತ್ತೊಂದು ವರ್ಷದ ನನ್ನ ಕೆಲಸ ಅದು ಆಮ್ರಪಾಲಿ. ಅದರ ಕೆಳಗೆ ಒಂದು ಎರೆಹುಳವೂ ಇಲ್ಲ. ನಾನು ಕೊಳವೆ ಎತ್ತಿಕೊಂಡು ಹಳ್ಳಕ್ಕೆ ಇಳಿದೆ. ಅಲ್ಲಿ ಹಳೆಯ ಹೊಂಗೆ ಮರಗಳಿವೆಯಲ್ಲ, ಯಾರೂ ನೆಡದವು. ಅವುಗಳ ಬುಡದಲ್ಲಿ ಮಣ್ಣು ಕಪ್ಪಗೆ, ಬೆಲ್ಲದಂತೆ ಇತ್ತು. ಮಾಯಪ್ಪಣ್ಣ ಮೇಲಿಂದ ಕೂಗಿದರು, "ಏ ಸಾವಂತ್ರೆವ್ವ, ಗೂಟಾ ಇಲ್ಲೈತಿ, ಅಲ್ಲೇನ ಅಗಿಯಾಕತ್ತಿ?" ನಾನು ಕಿವಿ ಕೇಳದವಳಂತೆ ಅಗೆದೆ. ಅವತ್ತು ಕೇಳಿತ್ತು. ಒಂದರಿಂದ ಎಂಟರವರೆಗಿನ ಚೀಲದಲ್ಲಿ ಇರುವುದೆಲ್ಲ ಹಳ್ಳದ ಮಣ್ಣು.

ನೀನು ಬಂದ ಮೇಲೆ ಹೇಳೋಣ ಎಂದು ಎರಡು ದಿನ ಸುಮ್ಮನಿದ್ದೆ. ಹಾಗೆ ಮಾಡಿದರೆ ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಂಡಂತೆ ಆಗುತ್ತದೆ. ಸಭೆಯಲ್ಲಿ ನೀನು ಓದುವುದಕ್ಕೆ ಮುಂಚೆ ಇದು ನಿನ್ನ ಕೈ ಸೇರಬೇಕು. ಗಜಾನನನಿಗೆ ಹೇಳಿ ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ಇನ್ನೊಂದು ಮಾತು. ಮೂರು ವರ್ಷದ ಹಿಂದೆ ನೀನು ಮಿರಜದಿಂದ ಒಂದು ಚೀಲ ಹಿಡಿದು ಬಂದೆ. ಒಂಬತ್ತನೆಯ ದಿನ, ಮಂದಿ ಏನಂದಾರು ಎಂದು ನಿನ್ನನ್ನು ಮತ್ತೆ ಮಿರಜದ ಬಸ್ಸು ಹತ್ತಿಸಿದೆ. ನಿನ್ನ ಕುತ್ತಿಗೆಯ ಮೇಲಿನ ಗಾಯ ನೋಡಿಯೂ ಹತ್ತಿಸಿದೆ. ನೀನು ಗಂಡನ ಜೊತೆ ಸುಖವಾಗಿದ್ದೀ ಎಂದು ಇವತ್ತಿನವರೆಗೂ ಕೇರಿಗೆ ಹೇಳಿಕೊಂಡು ಬಂದಿದ್ದೇನೆ. ಮಣ್ಣಿಗೆ ಮಾಡಿದ್ದನ್ನು ನಿನಗೂ ಮಾಡಿದ್ದೆ ಎಂದು ಆ ಹುಡುಗಿಯ ಮಾತು ಕೇಳಿ ತಿಳಿಯಿತು.

ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಸಾವಂತ್ರೆವ್ವ

*

ಘೋಡಗೇರಿ
16 ಏಪ್ರಿಲ್ 2024

ಆಮ್ರಪಾಲಿಗೆ ಜೈಭೀಮ.

ಜಯಂತಿ ಆಯಿತು. ಎರಡು ದಿನ ಘಟಪ್ರಭಾ ಸ್ಟೇಷನ್ನಿಗೆ ಹೋಗಿದ್ದೆ. ಎರಡನೆಯ ದಿನ ಸ್ಟೇಷನ್ನಿನ ಚಹಾದವನು, "ಯಾರ ಬರಾವ್ರ ಇದ್ರು ಆಯಿ?" ಎಂದು ಕೇಳಿದ. ಯಾರೂ ಇಲ್ಲ, ಗಾಡಿ ನೋಡಲು ಬಂದೆ ಎಂದೆ.

ಕಾಗದ ಮುಟ್ಟಿದೆಯೋ ಇಲ್ಲವೋ, ಅಷ್ಟಾದರೂ ಬರೆ. ಸಭೆಯಲ್ಲಿ ಅದನ್ನು ಓದಬೇಡ.

ಸಾವಂತ್ರೆವ್ವ

*

ಭೋಪಾಲ
9 ಮೇ 2024

ದೊಡ್ಡವ್ವ,

ಕಾಗದ ಮುಟ್ಟಿತ್ತು. ಸಭೆಯಿಂದ ನನ್ನ ಹೆಸರು ವಾಪಸು ತೆಗೆದುಕೊಂಡೆ. ಸರ್ ಏನೂ ಬೈಯಲಿಲ್ಲ, ಅದೇ ಕಷ್ಟವಾಯಿತು.

ಕಲ್ಲು ಆರಿಸಬೇಡ ಎಂದು ನಾನು ಬರೆದಿರಲಿಲ್ಲ. ಅದು ನನ್ನ ತಪ್ಪು. ಹಳ್ಳದ ಮಣ್ಣು ನನ್ನ ತಪ್ಪಲ್ಲ.

ಮಳೆಗೆ ಮುಂಚೆ ಇಪ್ಪತ್ತನಾಲ್ಕೂ ಮತ್ತೆ ತೆಗೆಯಬೇಕು. ಬೇರೆಯವರನ್ನು ಕಳಿಸಿ ಎಂದು ಸರ್ ಹೇಳಿದರು. ನೀನೇ ತೆಗೆಯುತ್ತೀ ಎಂದು ಹೇಳಿದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಮಾಯಪ್ಪಣ್ಣ ಪ್ರತಿ ಗೂಟದ ಹತ್ತಿರ ನಿಂತು ನೋಡಲಿ, ಚೀಟಿಯ ಮೇಲೆ ಸಹಿ ಮಾಡಲಿ.

ಉಳಿದ ವಿಷಯಕ್ಕೆ ಈಗ ಉತ್ತರ ಬರೆಯಲು ಆಗುವುದಿಲ್ಲ.

ಆಮ್ರಪಾಲಿ

*

ಘೋಡಗೇರಿ
2 ಜೂನ್ 2024

ಆಮ್ರಪಾಲಿಗೆ ಜೈಭೀಮ.

ಚೀಲಗಳು ಇವತ್ತು ಹೊರಟವು. ಕಲ್ಲು, ಬೇರು, ಗರಸು, ಬಂದದ್ದು ಬಂದ ಹಾಗೆ ಇದೆ. ಐದನೆಯ ಗೂಟದ ನೆಲ ಎಷ್ಟು ಬಿರುಸೆಂದರೆ ಕೊಳವೆಯ ಬಾಯಿ ಸೊಟ್ಟಗಾಯಿತು. ನಾನು ಸುಸ್ತಾಗಿ ಕುಳಿತೆ. ಮಾಯಪ್ಪಣ್ಣ ಹಳ್ಳದ ಕಡೆ ಕೋಲು ತೋರಿಸಿ, "ಹೋಗೂಣೇನ ಕೆಳಗ? ಅಲ್ಲಿ ಮೆತ್ತಗೈತಿ" ಎಂದು ಕಣ್ಣು ಮಿಟುಕಿಸಿದರು. ಬೈದೆ. ಆಮೇಲೆ ಇಬ್ಬರೂ ನಕ್ಕೆವು. ನಕ್ಕು ಎಷ್ಟು ದಿನವಾಗಿತ್ತೋ.

ಸಹಿ ಮಾಡಿ ಎಂದರೆ ಇಪ್ಪತ್ತನಾಲ್ಕು ಚೀಟಿಗೂ ಹೆಬ್ಬೆಟ್ಟು ಒತ್ತಿದರು. ಸಹಿ ಬರುವುದಿಲ್ಲ ಎನ್ನುವುದನ್ನು ಇಷ್ಟು ವರ್ಷ ನನಗೂ ಹೇಳಿರಲಿಲ್ಲ.

ಈ ಸಲ ಕಂಟಿಯ ಜಾಗವನ್ನು ಸರಿಯಾಗಿ ನೋಡಿದೆ. ನರ್ಸರಿಯಲ್ಲಿ ಇದ್ದಷ್ಟು ದಿನ ನಾವು ಅದನ್ನು ಬಂಜರು ಎನ್ನುತ್ತಿದ್ದೆವು. ಬಾರಿ ಕಂಟಿ, ಕಾರೆ ಕಂಟಿ, ಮೊಣಕಾಲೆತ್ತರ ಒಣಹುಲ್ಲು. ಅಗೆದರೆ ಹುಲ್ಲಿನ ಬೇರು ಜಡೆಯಂತೆ ಹೆಣೆದುಕೊಂಡಿದೆ, ಮಣ್ಣು ಬೇರನ್ನು ಬಿಡಲೊಲ್ಲದು. ಇಂಥದ್ದನ್ನೇ ಕಡಿದು, ಸುಟ್ಟು, ನೀಲಗಿರಿ ನೆಟ್ಟೆವು. ಆ ಕುಣಿ ತೋಡಿದ ಕೈಗಳು ಇವೇ. ನೆಟ್ಟ ದಿನ ಎಲ್ಲರಿಗೂ ಬೂಂದಿ ಹಂಚಿದ್ದರು. ನಿನ್ನ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಆ ದಿನ ಸುಳ್ಳಾಗಿತ್ತು ಎಂದು ಹೇಗೆ ಹೇಳಲಿ? ಆದರೆ ಮಣ್ಣು ಏನು ಹೇಳುತ್ತದೋ ಅದನ್ನೇ ಬರೆ. ನನ್ನ ಮುಖ ನೋಡಬೇಡ.

ಮೊನ್ನೆ ಸತ್ತೆವ್ವ ನೀರಿನ ನಳದ ಹತ್ತಿರ, ನಾಲ್ಕು ಹೆಂಗಸರ ಎದುರಿಗೆ, "ಅಳಿಯಾಗ ಈ ಸಲಾನೂ ರಜಾ ಸಿಗಲಿಲ್ಲೇನ?" ಎಂದು ಕೇಳಿದಳು. ನಾನು ಕೊಡ ಕೆಳಗಿಟ್ಟೆ. "ಅಳಿಯಾ ಇಲ್ಲ. ಅಕಿ ಅಂವನ್ನ ಬಿಟ್ಟ ಮೂರ ವರ್ಷ ಆತು. ಹೊಡಿತಿದ್ದ. ನನ್ನ ಮನಿಗೆ ಬಂದ್ಲು, ನಾನ ಹೊರಗ ಹಾಕಿದೆ" ಎಂದೆ. ನಳದ ಕೆಳಗಿದ್ದ ಸತ್ತೆವ್ವನ ಕೊಡ ತುಂಬಿ ಹರಿದು ಹೋಗುತ್ತಿತ್ತು, ಯಾರೂ ನಳ ನಿಲ್ಲಿಸಲಿಲ್ಲ.

ಸತ್ತೆವ್ವ ನನ್ನ ಹತ್ತಿರ ಬಂದು, ನನಗೆ ತಿಳಿಯಲಿ ಎಂದು ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದಳು: "ನಮಗೆಲ್ಲಾ ಆವಾಗ ಗೊತ್ತಾಗಿತ್ತ ಬಿಡವಾ. ನೀ ಬಾಯಿ ಬಿಡವಲ್ಲಿ, ನಿನಗ ಬ್ಯಾಸರಾಗಬಾರದಂತ ನಾವೂ ಅಳಿಯಾ ಅಳಿಯಾ ಅಂತ ಕೇಳ್ಕೋತ ಬಂದ್ವಿ."

ಎಲ್ಲರಿಗೂ ಗೊತ್ತಿತ್ತಂತೆ, ಆಮ್ರಪಾಲಿ. ಯಾರಿಗೆ ಗೊತ್ತಾಗಬಾರದು ಎಂದು ನಿನ್ನನ್ನು ಕಳಿಸಿದೆನೋ ಅವರಿಗೆಲ್ಲ ಗೊತ್ತಿತ್ತು. ಕೊಡ ಹೊತ್ತು ಮನೆಗೆ ಬಂದೆ. ಆ ನೀರನ್ನು ಏನು ಮಾಡಬೇಕೆಂದು ತೋಚಲಿಲ್ಲ.

ಸಾವಂತ್ರೆವ್ವ

*

ಭೋಪಾಲ
25 ಆಗಸ್ಟ್ 2024

ದೊಡ್ಡವ್ವ,

ತಡವಾಯಿತು. ಒಂದೊಂದು ಚೀಲವನ್ನೂ ಎರಡೆರಡು ಸಲ ಪರೀಕ್ಷೆ ಮಾಡಿದೆ.

ಕಂಟಿಯ ಜಾಗ, ನೂರಕ್ಕೆ ಒಂದಕ್ಕಿಂತ ಮೇಲೆ. ಕಬ್ಬು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಿನ್ನ ತೋಪು, ಅರ್ಧವೂ ಇಲ್ಲ. ರವದಿ ಸುಟ್ಟ ಹೊಲಕ್ಕಿಂತ ಕೆಳಗೆ. ಇಷ್ಟು ಕಡಿಮೆ ಇರಬಹುದೆಂದು ನಾನೂ ಅಂದುಕೊಂಡಿರಲಿಲ್ಲ. ನೀನು ಹೇಳಿದ ಹಾಗೆ ನಿನ್ನ ಮುಖ ನೋಡದೆ ಬರೆದೆ. ಬರೆದು ಮುಗಿಸಿದ ಮೇಲೆ ನೋಡಿದೆ.

ಕಂಟಿ ಕಡಿಯುವ ಯೋಜನೆಯವರು ಅದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ, ಇನ್ನೆರಡು ಗುಡ್ಡಗಳ ಮಣ್ಣನ್ನೂ ನೋಡಿ ಎಂದಿದ್ದಾರೆ. ಆ ಕೆಲಸ ಬೇರೆಯವರಿಗೆ ಹೋಗಿದೆ. ವರದಿಯಲ್ಲಿ ಮಣ್ಣು ತೆಗೆದವರು ಎಂಬಲ್ಲಿ ನಿನ್ನ ಹೆಸರಿದೆ. ಮೊದಲ ಸಲದ ಮಣ್ಣನ್ನು ಯಾಕೆ ಬಿಟ್ಟೆವು ಎಂಬುದೂ ಇದೆ. ಎರಡನ್ನೂ ನಾನೇ ಬರೆದೆ.

ನಳದ ಹತ್ತಿರ ನೀನು ಹೇಳಿದ್ದನ್ನು ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಓದಿದೆ. ನೀನು ನನ್ನ ಹತ್ತಿರ ತಪ್ಪಾಯಿತು ಎನ್ನಬೇಕು ಎಂದು ನಾನು ಯಾವತ್ತೂ ಕಾದಿರಲಿಲ್ಲ. ಅವರ ಹತ್ತಿರ ಹೇಳುತ್ತೀಯಾ ಎಂದು ಕಾಯುತ್ತಿದ್ದೆ.

ಈಗ ಸಿಟ್ಟು ಹೋಯಿತು ಎಂದು ಬರೆಯಬಹುದು. ಓದಲು ಚೆನ್ನಾಗಿರುತ್ತದೆ. ಹೋಗಿಲ್ಲ ದೊಡ್ಡವ್ವ. ಆ ಬಸ್ಸಿನ ಕಿಟಕಿಯಿಂದ ನಾನು ಹೊರಳಿ ನೋಡಿದಾಗ ನೀನು ಆಗಲೇ ಮನೆಯ ಕಡೆ ನಡೆದಿದ್ದೆ. ಅದು ಇನ್ನೂ ಕಣ್ಣಿಗೆ ಕಟ್ಟುತ್ತದೆ. ಊರಿಗೆ ಯಾವಾಗ ಬರುತ್ತೇನೆ ಎಂದೂ ಈಗ ಹೇಳಲಾರೆ.

ಮಣ್ಣಿನ ಕೆಲಸ ಮುಗಿಯಿತು. ಇನ್ನು ಚೀಲಗಳನ್ನು ಕಳಿಸುವುದಿಲ್ಲ. ಆದರೂ ನೀನು ಬರೆ. ಏನಾದರೂ ಬರೆ, ಮಾಯಪ್ಪಣ್ಣನ ಮೊಣಕಾಲು, ಸತ್ತೆವ್ವನ ಜಗಳ. ಇಲ್ಲಿ ಭಾನುವಾರ ಬಹಳ ಉದ್ದ. ಕನ್ನಡದಲ್ಲಿ ಮಾತನಾಡಲು ನನಗೆ ಯಾರೂ ಇಲ್ಲ.

ನಿನ್ನ,
ಆಮ್ರಪಾಲಿ